ವಾದ್ಯವೃಂದವೂ ಬಳಲಿದ ಕಂಠವೂ: ಎಲ್ಟನ್ ಜಾನನ ಆಸ್ಟ್ರೇಲಿಯಾ ಧ್ವನಿಮುದ್ರಿಕೆಯ ವಿಚಾರ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಪಾಪ್ ಗೀತೆಗಳ ಧ್ವನಿಮುದ್ರಿಕೆಯೊಂದರ ವಿಮರ್ಶೆಗೆ ಎಡೆಯುಂಟೆ ಎಂಬ ಆಕ್ಷೇಪವನ್ನು ನಾವು ನಿರೀಕ್ಷಿಸಿಯೇ ಇದ್ದೇವೆ. ಶಾಸನ, ಕಡತ, ನಾಣ್ಯ, ಪ್ರವಾಸಿಗಳ ಬರಹ ಇವುಗಳನ್ನು ಆಧಾರಗಳೆಂದು ಎಣಿಸುವುದರಲ್ಲಿ ನಮಗೆ ಅಭ್ಯಾಸವುಂಟು. ಧ್ವನಿಯನ್ನು ಆಧಾರವೆಂದು ಎಣಿಸುವುದರಲ್ಲಿ ಇಲ್ಲ. ಎಡಿಸನ್ನನು 1877ರಲ್ಲಿ ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದಂದಿನಿಂದ ಒಂದೂವರೆ ಶತಮಾನವೇ ಸಮೀಪಿಸುತ್ತಿದ್ದರೂ, ಲಿಖಿತ ಪತ್ರವೊಂದು ಕೈಗೆ ಬಂದೊಡನೆ ನಾವು ಕೇಳುವ ಪ್ರಶ್ನೆಗಳನ್ನು, ಎಂದರೆ ಇದು ಎಲ್ಲಿ ಹುಟ್ಟಿತು, ಯಾರು ಆಯ್ದರು, ಏನನ್ನು ಬಿಟ್ಟರು ಎಂಬ ಪ್ರಶ್ನೆಗಳನ್ನು, ಮುದ್ರಿತ ಧ್ವನಿಯ ವಿಷಯದಲ್ಲಿ ಕೇಳುವುದು ವಿರಳ. ಆದುದರಿಂದ ನಾವು ಪ್ರಕೃತ ಒಂದೇ ಒಂದು ಧ್ವನಿಮುದ್ರಿಕೆಯನ್ನು ತೆಗೆದುಕೊಂಡು ಅದನ್ನು ಆ ಬಗೆಯಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಅದರ ಗುಣದೋಷಗಳ ತೀರ್ಮಾನವೂ ಈ ಪರಿಶೀಲನೆಯಿಂದಲೇ ಹೊರಡಬೇಕೆಂಬುದು ನಮ್ಮ ಆಶಯ.

ಧ್ವನಿಮುದ್ರಿಕೆಯ ಹೆಸರು 'ಲೈವ್ ಇನ್ ಆಸ್ಟ್ರೇಲಿಯಾ ವಿತ್ ದಿ ಮೆಲ್ಬೋರ್ನ್ ಸಿಂಫನಿ ಆರ್ಕೆಸ್ಟ್ರಾ'. ಹಾಡಿದವನು, ಪಿಯಾನೋ ನುಡಿಸಿದವನು, ರಾಗ ಕಟ್ಟಿದವನು ಎಲ್ಟನ್ ಜಾನ್. ಹೆಸರನ್ನು ಓದಿದವರು ಕಚೇರಿ ಮೆಲ್ಬೋರ್ನಿನಲ್ಲಿ ನಡೆಯಿತೆಂದು ಭಾವಿಸುವುದು ಸಹಜ. ವಸ್ತುತಃ ಅದು ನಡೆದುದು ಸಿಡ್ನಿಯಲ್ಲಿ, ಅಲ್ಲಿನ ಎಂಟರ್‌ಟೇನ್‌ಮೆಂಟ್ ಸೆಂಟರಿನಲ್ಲಿ, 1986ರ ಡಿಸೆಂಬರ್ 14ರಂದು. ಮೆಲ್ಬೋರ್ನ್ ಎಂಬುದು ವಾದ್ಯವೃಂದದ ಹೆಸರೇ ಹೊರತು ಸ್ಥಳದ ಹೆಸರಲ್ಲ. 1906ರಲ್ಲಿ ಹುಟ್ಟಿದ ಈ ವೃಂದವು ಆ ವರ್ಷದ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಗಾಯಕನೊಂದಿಗೆ ಆಸ್ಟ್ರೇಲಿಯದ ನಗರಗಳಲ್ಲಿ ಸಂಚರಿಸಿತು. ನಮ್ಮ ಕೈಯಲ್ಲಿರುವುದು ಆ ಸಂಚಾರದ ಕಡೆಯ ರಾತ್ರಿಯ ಧ್ವನಿ. ಅಂದಿನ ಕಚೇರಿಯನ್ನು ಆಸ್ಟ್ರೇಲಿಯದ ದೂರದರ್ಶನವು ಪ್ರಸಾರ ಮಾಡಿತು. ಧ್ವನಿಮುದ್ರಿಕೆಯು 1987ರಲ್ಲಿ ಪ್ರಕಟವಾಯಿತು. ವೃಂದದ ನಿರ್ದೇಶಕನು ಜೇಮ್ಸ್ ನ್ಯೂಟನ್ ಹೊವರ್ಡ್. ಈತನು ಮುಂದೆ ಚಲನಚಿತ್ರ ಸಂಗೀತದಲ್ಲಿ ಪ್ರಸಿದ್ಧನಾದುದು ವಾಚಕರಲ್ಲಿ ಹಲವರಿಗೆ ತಿಳಿದಿರಬಹುದು. 1970ರ ದಶಕದ ನಡುವೆ ಈತನು ಎಲ್ಟನ್ ಜಾನನ ಮೇಳದಲ್ಲಿಯೇ ಕೀಲಿಮಣೆವಾದ್ಯ ನುಡಿಸುತ್ತಿದ್ದವನು.

ನಮ್ಮ ಸಂಗೀತಶಾಸ್ತ್ರದಲ್ಲಿ ಗೇಯದ ಸಾಹಿತ್ಯಭಾಗವನ್ನು ಮಾತು ಎಂದೂ ಸಂಗೀತಭಾಗವನ್ನು ಧಾತು ಎಂದೂ ಕರೆದು, ಎರಡನ್ನೂ ತಾನೇ ರಚಿಸುವವನಿಗೆ ವಾಗ್ಗೇಯಕಾರನೆಂಬ ಹೆಸರನ್ನು ಕೊಟ್ಟಿದ್ದಾರೆ. ಈ ಅರ್ಥದಲ್ಲಿ ಎಲ್ಟನ್ ಜಾನನು ವಾಗ್ಗೇಯಕಾರನಲ್ಲ. ಧಾತು ಅವನದು, ಮಾತು ಬರ್ನಿ ಟಾಪಿನ್ನನದು. 1967ರಲ್ಲಿ ಲಿಬರ್ಟಿ ಎಂಬ ಧ್ವನಿಮುದ್ರಣ ಸಂಸ್ಥೆಯು ಪತ್ರಿಕೆಯೊಂದರಲ್ಲಿ ಕೊಟ್ಟ ಜಾಹೀರಾತಿಗೆ ಇಬ್ಬರೂ ಬೇರೆಬೇರೆಯಾಗಿ ಉತ್ತರ ಬರೆದುದರಿಂದ ಉಂಟಾದ ಕೂಟವಿದು. ಟಾಪಿನ್ನನು ಪದ್ಯವನ್ನು ಬರೆದುಕೊಡುವನು. ಜಾನನು ಅದನ್ನು ಪಿಯಾನೋದ ಮುಂದಿಟ್ಟುಕೊಂಡು ರಾಗ ಹಾಕುವನು. ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ರಚಿಸುವ ಪದ್ಧತಿಯೇ ಇರಲಿಲ್ಲ. ಮಾತು ಮೊದಲು, ಧಾತು ಆಮೇಲೆ. ಪಾಪ್ ಸಂಗೀತದಲ್ಲಿ ಬಹುಮಟ್ಟಿಗೆ ಇದಕ್ಕೆ ವಿಲೋಮವಾದ ಕ್ರಮವೇ ರೂಢಿಯಲ್ಲಿರುವುದರಿಂದ ಈ ಸಂಗತಿಯನ್ನು ಮನಸ್ಸಿನಲ್ಲಿಡುವುದು ಅವಶ್ಯಕ. ಪದ್ಯದ ಅಂಕುಡೊಂಕಾದ ಪಾದಗಳನ್ನು ಅನುಸರಿಸಿ ನಡೆದುದರಿಂದಲೇ ಈ ಗೀತೆಗಳ ರಾಗಗತಿಯು ಎಷ್ಟೋ ಕಡೆ ಅನಿರೀಕ್ಷಿತವಾಗಿ ತಿರುಗುತ್ತದೆ.

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಪಾಪ್ ಗಾಯಕನು ಹಿರಿಯನಾದ ಮೇಲೆ ಸಿಂಫನಿ ವೃಂದವನ್ನು ಬೆನ್ನಿಗಿಟ್ಟುಕೊಂಡು ಹಾಡುವುದು ಒಂದು ವಾಡಿಕೆಯೇ ಆಗಿದೆ. ಇದನ್ನು ಕುರಿತು ರಸಿಕರಲ್ಲಿ ಎರಡು ಅಭಿಪ್ರಾಯಗಳುಂಟು. ವೃಂದದ ಸಹವಾಸದಿಂದ ಹಗುರವಾದ ಹಾಡಿಗೆ ಗಾಂಭೀರ್ಯ ಬಂದಿತೆಂದು ಕೆಲವರು ಮೆಚ್ಚುವರು. ಇಲ್ಲದ ಗಾಂಭೀರ್ಯವನ್ನು ಬಾಡಿಗೆಗೆ ತಂದುದೆಂದು ಮತ್ತೆ ಕೆಲವರು ಹಳಿಯುವರು. ಪರಸ್ಪರ ವಿರುದ್ಧವಾಗಿ ತೋರುವ ಈ ಎರಡು ಮತಗಳೂ ಒಂದೇ ನೆಲೆಯ ಮೇಲೆ ನಿಂತಿವೆ: ಹಾಡು ಮೊದಲು ವೃಂದವಿಲ್ಲದೆ ಇದ್ದಿತು, ವೃಂದವು ಆಮೇಲೆ ಹೊರಗಿನಿಂದ ಬಂದು ಸೇರಿತು ಎಂಬುದು ಆ ನೆಲೆ. ಇತರರ ಧ್ವನಿಮುದ್ರಿಕೆಗಳ ವಿಷಯದಲ್ಲಿ ಇದು ನಿಜವಿರಬಹುದು. ಈ ಧ್ವನಿಮುದ್ರಿಕೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ಅಸತ್ಯವೆಂಬುದೇ ನಮ್ಮ ಪ್ರತಿಪಾದನೆ.

ಸಾಕ್ಷ್ಯವು ಧ್ವನಿಮುದ್ರಿಕೆಯ ಒಳಗೇ ಇದೆ. ಇದರಲ್ಲಿರುವ ಗೀತೆಗಳು 14. ಇವುಗಳನ್ನು ಮೊದಲ ಪ್ರಕಟಣೆಯ ಕಾಲಾನುಕ್ರಮದಲ್ಲಿ ಜೋಡಿಸಿದರೆ, 'ಸಿಕ್ಸ್ಟಿ ಇಯರ್ಸ್ ಆನ್', 'ಐ ನೀಡ್ ಯೂ ಟು ಟರ್ನ್ ಟು', 'ದಿ ಗ್ರೇಟೆಸ್ಟ್ ಡಿಸ್ಕವರಿ', 'ದಿ ಕಿಂಗ್ ಮಸ್ಟ್ ಡೈ', 'ಟೇಕ್ ಮಿ ಟು ದಿ ಪೈಲಟ್', 'ಯುವರ್ ಸಾಂಗ್' ಎಂಬ 6 ಗೀತೆಗಳು 1970ರಲ್ಲಿ ಹೊರಬಂದ 'ಎಲ್ಟನ್ ಜಾನ್' ಎಂಬ ಒಂದೇ ಸಂಪುಟದವು. 1 ಅದೇ ವರ್ಷದ 'ಟಂಬಲ್‌ವೀಡ್ ಕನೆಕ್ಷನ್' ಎಂಬುದರದು, 2 ಮುಂದಿನ ವರ್ಷದ 'ಮ್ಯಾಡ್‌ಮನ್ ಅಕ್ರಾಸ್ ದಿ ವಾಟರ್' ಎಂಬುದರವು. ಉಳಿದ 5ರಲ್ಲಿ 2 ಗೀತೆಗಳು 1973ರವು, 1 ಗೀತೆ 1974ರದು, 2 ಗೀತೆಗಳು 1976ರವು. ಅಲ್ಲಿಗೆ ಮುಗಿಯಿತು. 1976ರ ಈಚಿನ ಗೀತೆ ಒಂದೂ ಇಲ್ಲ.

ಮೊದಲಿನ 9 ಗೀತೆಗಳನ್ನು ನೋಡೋಣ. 1970ರ ಸಂಪುಟವನ್ನು ಲಂಡನ್ನಿನ ಟ್ರೈಡೆಂಟ್ ಮುದ್ರಣಾಲಯದಲ್ಲಿ ಗಸ್ ಡಜನ್ ಎಂಬಾತನ ಮೇಲ್ವಿಚಾರಣೆಯಲ್ಲಿ ಸಿದ್ಧಪಡಿಸಿದಾಗ, ಪಾಲ್ ಬಕ್‌ಮಾಸ್ಟರನು ಅದಕ್ಕೆ ವಾದ್ಯವೃಂದದ ಸ್ವರಪ್ರಸ್ತಾರವನ್ನು ಬರೆದನು. ಬಕ್‌ಮಾಸ್ಟರನು ಶಾಸ್ತ್ರೀಯವಾಗಿ ಕಲಿತ ಸೆಲ್ಲೋ ವಾದಕ. ಅವನ ಬರಹದಲ್ಲಿ ತಂತುವಾದ್ಯಗಳು ಹಾಡಿನ ಹಿಂದೆ ಹಾಸಿದ ಮೆತ್ತೆಯಾಗಿರುವುದಿಲ್ಲ. ಅವು ಮಂದ್ರದಲ್ಲಿ ಗೊಣಗುತ್ತವೆ, ಸಾಲಿನ ಮಧ್ಯದಲ್ಲಿ ಅಡ್ಡಬರುತ್ತವೆ, ಕೆಲವೆಡೆ ಗಾಯಕನು ಹೇಳಲಾರದುದನ್ನು ಹೇಳಿ ಸುಮ್ಮನಾಗುತ್ತವೆ. ಹೀಗೆ ಈ ಗೀತೆಗಳು ವೃಂದದೊಡನೆಯೇ ಹುಟ್ಟಿದವು. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಗಾಯಕನು ಅಮೆರಿಕೆಗೆ ಹೋಗಿ ಲಾಸ್ ಏಂಜಲೀಸಿನ ಟ್ರೂಬಡೋರ್ ಎಂಬ ಚಿಕ್ಕ ರಂಗದ ಮೇಲೆ ಹೆಸರು ಗಳಿಸಿದಾಗ ಅವನ ಜೊತೆಗಿದ್ದವರು ಇಬ್ಬರೇ: ಬಾಸ್ ಗಿಟಾರಿನ ಡೀ ಮರ್ರೆ, ಡ್ರಮ್ಮಿನ ನೈಜೆಲ್ ಓಲ್ಸನ್. ವೃಂದವನ್ನು ಹಡಗಿಗೆ ಹಾಕಿಕೊಂಡು ಹೋಗಲು ಯಾವ ಹೊಸ ಗಾಯಕನಿಂದ ಸಾಧ್ಯ? ಒಂದೆರಡು ಸಂದರ್ಭಗಳನ್ನು ಬಿಟ್ಟರೆ ಮುಂದಿನ ಹದಿನಾರು ವರ್ಷಗಳ ಕಾಲ ಈ ಗೀತೆಗಳು ರಂಗದ ಮೇಲೆ ತಮ್ಮ ಅರ್ಧ ದೇಹವನ್ನು ಬಿಟ್ಟೇ ಬಾಳಿದವು. 1986ರಲ್ಲಿ ನಡೆದುದು ಅಲಂಕಾರವಲ್ಲ, ಜೀರ್ಣೋದ್ಧಾರ.

ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಹೋಲಿಸುವಂತೆ ಇಲ್ಲಿಯೂ ಹೋಲಿಸಲು ಸಾಮಗ್ರಿಯುಂಟು. 1970ರ ನವೆಂಬರ್ 17ರಂದು ನ್ಯೂಯಾರ್ಕಿನ ಮುದ್ರಣಾಲಯವೊಂದರಲ್ಲಿ ಈ ಮೂವರೇ ನುಡಿಸಿದ ಆಕಾಶವಾಣಿ ಕಾರ್ಯಕ್ರಮವು ಮುಂದಿನ ವರ್ಷ ಧ್ವನಿಮುದ್ರಿಕೆಯಾಗಿ ಹೊರಬಂದಿತು. ಅದರಲ್ಲಿಯೂ ಸಿಡ್ನಿಯದರಲ್ಲಿಯೂ ಇರುವ ಗೀತೆಗಳು ಮೂರು: 'ಸಿಕ್ಸ್ಟಿ ಇಯರ್ಸ್ ಆನ್', 'ಟೇಕ್ ಮಿ ಟು ದಿ ಪೈಲಟ್', 'ಬರ್ನ್ ಡೌನ್ ದಿ ಮಿಷನ್'. ಹೀಗೆ ಒಂದೊಂದಕ್ಕೂ ಮೂರು ಮೂರು ಪಾಠಗಳು ದೊರೆಯುತ್ತವೆ. ಇವುಗಳಲ್ಲಿ ಮೊದಲನೆಯದನ್ನು ನಾವು ಸ್ವಲ್ಪ ವಿಸ್ತಾರವಾಗಿ ನೋಡಬಯಸುತ್ತೇವೆ.

'ಸಿಕ್ಸ್ಟಿ ಇಯರ್ಸ್ ಆನ್' ಎಂಬುದು ಯುದ್ಧವನ್ನು ಕಂಡು ಒಂಟಿಯಾಗಿ ಉಳಿದ ಮುಪ್ಪನ್ನು ಕುರಿತ ಗೀತೆ. ಮುಪ್ಪನ್ನು ಕುರಿತು ಬರೆದ ಕವಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ಟಾಪಿನ್ನನು ಹುಟ್ಟಿದುದು 1950ರ ಮೇ ತಿಂಗಳಿನಲ್ಲಿ. ಹಾಡಿದವನಿಗೆ ಇಪ್ಪತ್ತೆರಡು. 1970ರ ಪಾಠದಲ್ಲಿ ತಂತುವಾದ್ಯಗಳ ಕರ್ಕಶವಾದ ಆರಂಭವಾದ ಮೇಲೆ ಹಾರ್ಪ್ ಎಂಬ ತಂತಿವಾದ್ಯವು ಹಾಡನ್ನು ಹೊತ್ತು ನಡೆಯುತ್ತದೆ. ಕಂಠವು ಸುಂದರವಾಗಿದೆ, ಸ್ವಚ್ಛವಾಗಿದೆ, ಆದುದರಿಂದಲೇ ಅಷ್ಟಾಗಿ ನಂಬಿಕೆ ಹುಟ್ಟಿಸುವುದಿಲ್ಲ. ನಾಟಕದಲ್ಲಿ ಬಿಳಿಯ ಗಡ್ಡ ಅಂಟಿಸಿಕೊಂಡ ಹುಡುಗನಂತೆ ಅದು ತೋರುತ್ತದೆ. ನ್ಯೂಯಾರ್ಕಿನ ಪಾಠದಲ್ಲಿ ವೃಂದದ ಕೆಲಸವೆಲ್ಲ ಪಿಯಾನೋದ ಮೇಲೆ ಬಿದ್ದಿದೆ. ಉತ್ಸಾಹ ಹೆಚ್ಚು, ಮುಪ್ಪು ಮತ್ತೂ ದೂರ. ಸಿಡ್ನಿಯ ಪಾಠದಲ್ಲಿ ವೃಂದವು ಮರಳಿ ಬಂದಿದೆ; ಧ್ವನಿಮುದ್ರಿಕೆಯು ತೆರೆದುಕೊಳ್ಳುವುದೇ ಈ ಗೀತೆಯಿಂದ. ವೃಂದದ ಘೋಷವು ಏರಿ ಇಳಿದ ಬಳಿಕ ಕಂಠವು ಪ್ರವೇಶಿಸಿದಾಗ ಕೇಳುಗನು ಬೆಚ್ಚುತ್ತಾನೆ. ಅದು ಒರಟಾಗಿದೆ. ಸ್ವರವನ್ನು ತಲುಪುವ ಮುನ್ನ ಅದು ತಡವರಿಸುತ್ತದೆ. ಮೇಲಿನ ಸ್ವರಗಳಲ್ಲಿ ಉಸಿರು ಹರಿದ ಬಟ್ಟೆಯಂತೆ ಕೇಳಿಸುತ್ತದೆ. ಗಾಯಕನಿಗೆ ಆಗ ವಯಸ್ಸು 39 ಮಾತ್ರ. ಆದರೆ ಮಾತು ಬಯಸಿದ್ದ ಮುಪ್ಪು ಅಂದು ಧಾತುವಿಗೆ ದೊರೆಯಿತು. ಮೂರು ಪಾಠಗಳಲ್ಲಿ ಶುದ್ಧವಾದುದು ಯಾವುದು ಎಂದು ಕೇಳಿದರೆ ಮೊದಲನೆಯದೆನ್ನಬೇಕು. ಸತ್ಯವಾದುದು ಯಾವುದು ಎಂದರೆ ನಮ್ಮ ಮತ ಮೂರನೆಯದಕ್ಕೆ.

ಈ ಒರಟುತನವು ಅಭಿನಯವಲ್ಲ. ಸಂಚಾರದ ಕಾಲದಲ್ಲಿ ಗಾಯಕನ ಧ್ವನಿತಂತುಗಳ ಮೇಲೆ ಗಂಟುಗಳೆದ್ದಿದ್ದವು. ಅವು ಎಂಥವೆಂಬುದು ನಿಶ್ಚಯವಾಗಿ ತಿಳಿಯದೆ ಅರ್ಬುದದ ಭಯವೂ ಇದ್ದಿತು. ಹಾಗಿದ್ದರೂ ಅವನು ಸಂಚಾರವನ್ನು ಪೂರ್ಣಗೊಳಿಸಿದನು. 1987ರ ಜನವರಿಯಲ್ಲಿ ಆಸ್ಟ್ರೇಲಿಯದಲ್ಲಿಯೇ ಶಸ್ತ್ರಚಿಕಿತ್ಸೆಯಾಯಿತು. ಗಂಟುಗಳು ಅಪಾಯಕರವಲ್ಲವೆಂದು ತಿಳಿದುಬಂದಿತು. ಆದರೆ ಅಲ್ಲಿಂದ ಮುಂದೆ ಅವನ ಶಾರೀರವು ಕೆಳಕ್ಕಿಳಿದು ತುಂಬಿಕೊಂಡಿತು. 1970ರ ದಶಕದ ಗೀತೆಗಳಲ್ಲೆಲ್ಲ ಮೆರೆದಿದ್ದ, ನಮ್ಮ ಗಾಯಕರು ಕಳ್ಳದನಿ ಎನ್ನುವ ಆ ತೆಳುವಾದ ತಾರಸ್ಥಾಯಿಯು ಬಹುಮಟ್ಟಿಗೆ ಹೋಯಿತು. ಆದಕಾರಣ ಸಿಡ್ನಿಯ ಮುದ್ರಣವು ಹಳೆಯ ಕಂಠದ ಕಡೆಯ ದಾಖಲೆಗಳಲ್ಲೊಂದು. ಇದನ್ನು ತಿಳಿದು ಕೇಳುವುದಕ್ಕೂ ತಿಳಿಯದೆ ಕೇಳುವುದಕ್ಕೂ ಅಂತರವಿದೆ ಎಂಬುದು ನಿಜ. ಕನಿಕರವು ವಿಮರ್ಶೆಯ ಮಾನದಂಡವಾಗಬಾರದೆಂದು ನಮ್ಮ ವಿದ್ಯಾರ್ಥಿಯೊಬ್ಬನು ಆಕ್ಷೇಪಿಸಿದುದುಂಟು. ಅವನ ಆಕ್ಷೇಪಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಂಗತಿಯನ್ನು ಅರಿಯದೆ ಕೇಳಿದ ಅದೇ ವಿದ್ಯಾರ್ಥಿಯು 'ಹ್ಯಾವ್ ಮರ್ಸಿ ಆನ್ ದಿ ಕ್ರಿಮಿನಲ್' ಮುಗಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು. ತಲೆತಪ್ಪಿಸಿಕೊಂಡು ಓಡುವ ಅಪರಾಧಿಯ ಪರವಾಗಿ ದಯೆ ಬೇಡುವ ಆ ಗೀತೆಗೆ ನಯವಾದ ಕಂಠವು ಒಪ್ಪುವುದೇ ಇಲ್ಲ. ಧ್ವನಿಮುದ್ರಿಕೆಯ ಶಿಖರವನ್ನು ಹೆಸರಿಸಬೇಕಾದರೆ ನಾವು ಇದನ್ನೇ ಹೆಸರಿಸುತ್ತೇವೆ.

ದೋಷಗಳನ್ನು ಮರೆಮಾಡಲಾಗದು. 'ಟೇಕ್ ಮಿ ಟು ದಿ ಪೈಲಟ್' ಎಂಬುದರಲ್ಲಿ ವೃಂದವೂ ರಾಕ್ ಮೇಳವೂ ಒಂದನ್ನೊಂದು ನೂಕಾಡುತ್ತವೆ. ಈ ಗೀತೆಯ ಅರ್ಥವೇನೆಂದು ತಮಗೇ ತಿಳಿಯದೆಂದು ಬರೆದವನೂ ಹಾಡಿದವನೂ ಒಪ್ಪಿಕೊಂಡಿದ್ದಾರೆ. ಅರ್ಥವಿಲ್ಲದ ಮಾತು ತಾಳದ ಬಲದ ಮೇಲೆಯೇ ನಿಲ್ಲಬೇಕಾಗುವುದರಿಂದ ಮೂವರೇ ನುಡಿಸಿದ ನ್ಯೂಯಾರ್ಕಿನ ಪಾಠವು ನಿಸ್ಸಂದೇಹವಾಗಿ ಉತ್ತಮ. ಇಲ್ಲಿನ ತೊಡಕು ಒಂದು ಗೀತೆಗೆ ಮಾತ್ರ ಸೇರಿದುದಲ್ಲ. ಸಿಂಫನಿ ವೃಂದದಲ್ಲಿ ಕಾಲಪ್ರಮಾಣವು ನಿರ್ದೇಶಕನ ಕೋಲಿನ ವಶ. ರಾಕ್ ಮೇಳದಲ್ಲಿ ಅದು ಡ್ರಮ್ ಬಾರಿಸುವವನ ವಶ. ಒಂದೇ ರಂಗದ ಮೇಲೆ ಇಬ್ಬರು ಅರಸರು. ಇದಲ್ಲದೆ, ವಿದ್ಯುತ್ತಿನಿಂದ ಮೊಳಗುವ ಗಿಟಾರು ಡ್ರಮ್ಮುಗಳ ನಡುವೆ ಪಿಟೀಲುಗಳು ಕೇಳಿಸಬೇಕಾದರೆ ಅವುಗಳಿಗೂ ಧ್ವನಿಗ್ರಾಹಕಗಳು ಬೇಕು. ಆಮೇಲೆ ಯಾವುದು ಎಷ್ಟು ಕೇಳಿಸಬೇಕೆಂಬುದನ್ನು ನಿರ್ಣಯಿಸುವವನು ವಾದಕನೂ ಅಲ್ಲ, ನಿರ್ದೇಶಕನೂ ಅಲ್ಲ, ಯಂತ್ರದ ಮುಂದೆ ಕುಳಿತ ಮುದ್ರಣಕಾರ. 'ಟೈನಿ ಡ್ಯಾನ್ಸರ್' ಎಂಬುದರಲ್ಲಿ ಸಮತೋಲವು ಚೆನ್ನಾಗಿದೆ. ಗತಿಯು ಪದೇ ಪದೇ ಬದಲಾಗುವ 'ಬರ್ನ್ ಡೌನ್ ದಿ ಮಿಷನ್' ಎಂಬುದೂ ಗೆಲ್ಲುತ್ತದೆ. 'ದಿ ಕಿಂಗ್ ಮಸ್ಟ್ ಡೈ' ಕೇಳುವಾಗ ಘೋಷವೇ ಹೆಚ್ಚಾಯಿತೆಂದು ನಮಗೆ ಅನ್ನಿಸಿತು. 1976ರ 'ಟುನೈಟ್' ಎಂಬ ದೀರ್ಘಗೀತೆಗೆ ಮೂಲದಲ್ಲಿಯೇ ವೃಂದಸಂಗೀತವನ್ನು ಬರೆದವನು ಹೊವರ್ಡನೇ ಆದುದರಿಂದ ಅದು ಸಲೀಸಾಗಿ ನಡೆಯುತ್ತದೆ. ಅದನ್ನು ಕುರಿತು ಹೆಚ್ಚು ಹೇಳುವುದಿಲ್ಲ.

ಆಯ್ಕೆಯ ಪ್ರಶ್ನೆಯನ್ನು ಇನ್ನೂ ಮುಟ್ಟಿಲ್ಲ. ಆ ಸಂಚಾರದ ಪ್ರತಿಯೊಂದು ಕಚೇರಿಗೂ ಎರಡು ಭಾಗಗಳಿದ್ದವು. ಮೊದಲ ಭಾಗದಲ್ಲಿ ರಾಕ್ ಮೇಳ ಮಾತ್ರ. ಎರಡನೆಯದರಲ್ಲಿ ವೃಂದವೂ ಸೇರುತ್ತಿತ್ತು. ಧ್ವನಿಮುದ್ರಿಕೆಯು ಎರಡನೆಯ ಭಾಗದಿಂದ ಮಾತ್ರ ಆಯ್ದುದು. ಆದುದರಿಂದ 1986ರ ಡಿಸೆಂಬರ್ 14ರ ರಾತ್ರಿ ಸಿಡ್ನಿಯ ಜನ ಕೇಳಿದುದು ಇದೇ ಎಂದು ನಾವು ಹೇಳುವಂತಿಲ್ಲ. ಅವರು ಕೇಳಿದುದರ ಒಂದು ಅಂಶ ಇದು, ಅದೂ ಇನ್ನೊಬ್ಬರು ನಮಗಾಗಿ ಆಯ್ದುಕೊಟ್ಟುದು. 1976ರ ಈಚಿನದೊಂದೂ ಇಲ್ಲದಿರುವುದನ್ನು ಇಲ್ಲಿ ನೆನೆಯಬೇಕು. ಆ ಹತ್ತು ವರ್ಷಗಳಲ್ಲಿ ಅವನ ಗೀತೆಗಳಿಗೆ ಜನಪ್ರಿಯತೆ ಇರಲಿಲ್ಲವೆಂದಲ್ಲ. 1983ರಲ್ಲಿಯೂ 1985ರಲ್ಲಿಯೂ ಲೋಕವೇ ಗುನುಗಿದ ಹಾಡುಗಳನ್ನು ಅವನು ಕೊಟ್ಟಿದ್ದನು. ಆದರೆ 1986ರ ಕೊನೆಯಲ್ಲಿ ಹೊರಬಂದ 'ಲೆದರ್ ಜಾಕೆಟ್ಸ್' ಎಂಬ ಸಂಪುಟವು ಮಾರುಕಟ್ಟೆಯಲ್ಲಿ ಸೋತಿತ್ತು. ಮುಂದೆ ಗಾಯಕನೇ ಅದನ್ನು ತನ್ನ ಕೃತಿಗಳಲ್ಲಿ ಕನಿಷ್ಠವೆಂದು ತಳ್ಳಿಹಾಕಿದನು. ಅದೇ ತಿಂಗಳುಗಳಲ್ಲಿ ಹಾಡಿ, ಮರುವರ್ಷ ಲೋಕದ ಮುಂದಿಟ್ಟ ಈ ಧ್ವನಿಮುದ್ರಿಕೆಯಲ್ಲಿ ಹದಿನಾಲ್ಕಕ್ಕೆ ಒಂಬತ್ತು 1970 ಮತ್ತು 1971ರವು. ಅರಸನೊಬ್ಬನ ಪ್ರಶಸ್ತಿಶಾಸನದಲ್ಲಿ ಈಚಿನ ಯುದ್ಧಗಳ ಮಾತೇ ಬಾರದೆ ಹಳೆಯ ವಿಜಯಗಳು ಮಾತ್ರ ವರ್ಣಿತವಾಗಿದ್ದರೆ ನಾವು ಏನನ್ನು ಊಹಿಸುವೆವೋ ಅದನ್ನೇ ಇಲ್ಲಿಯೂ ಊಹಿಸಬಹುದು.

ಮತ್ತೊಂದು ಲೋಪವನ್ನು ಕಣ್ಣು ಮಾತ್ರ ತುಂಬಬಲ್ಲದು. ಕಚೇರಿಯ ಚಲಚ್ಚಿತ್ರವನ್ನು ನೋಡಿದವರಿಗೆ ಗೊತ್ತಿರುವಂತೆ, ವೃಂದದೊಡನೆ ಹಾಡಿದಾಗ ಎಲ್ಟನ್ ಜಾನನು ಹದಿನೆಂಟನೆಯ ಶತಮಾನದ ಮೊಟ್ಸಾರ್ಟನ ವೇಷವನ್ನು, ಪುಡಿ ಬಳಿದ ಬಿಳಿಯ ಕೃತಕಕೇಶದ ಸಮೇತ, ಧರಿಸಿದ್ದನು. ಗಂಭೀರವಾದ ವೃಂದದ ಮುಂದೆ ಪಾಪ್ ಗಾಯಕನು ಶಾಸ್ತ್ರೀಯ ಸಂಗೀತಕಾರನಂತೆ ನಟಿಸುತ್ತಾನೆಂಬ ಟೀಕೆಯನ್ನು ತಾನೇ ಮೊದಲು ಆಡಿ ನಗಿಸಿಬಿಡುವ ಜಾಣತನವದು. ಬಾಲ್ಯದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಎಂಬಲ್ಲಿ ವಿದ್ಯಾರ್ಥಿವೇತನದ ಮೇಲೆ ಪಿಯಾನೋ ಕಲಿತವನಿಗೆ ಆ ವೇಷವು ಸಂಪೂರ್ಣವಾಗಿ ಪರಕೀಯವೂ ಅಲ್ಲ. ಧ್ವನಿಮುದ್ರಿಕೆಯಲ್ಲಿ ಈ ನಗೆ ಉಳಿದಿಲ್ಲ. ಕೇವಲ ಕಿವಿಯಿಂದ ಕೇಳುವವನಿಗೆ ಆದ್ಯಂತ ಗಾಂಭೀರ್ಯವೇ ದೊರೆಯುತ್ತದೆ. ಒಂದೇ ಘಟನೆಯ ಎರಡು ದಾಖಲೆಗಳು ಎರಡು ಸ್ವಭಾವಗಳನ್ನು ತೋರುತ್ತವೆ. ನಮ್ಮ ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲಿ ಉದಾಹರಣೆಯಾಗಿ ಬಳಸಬಹುದು.

ಲೋಕದ ತೀರ್ಪಿನಲ್ಲಿ ಒಂದು ವಿನೋದವುಂಟು. ಇಷ್ಟು ದೊಡ್ಡ ವೃಂದವನ್ನು ಕೂಡಿಸಿದ ಧ್ವನಿಮುದ್ರಿಕೆಯಿಂದ ಜನರು ಎತ್ತಿಕೊಂಡ ಗೀತೆ 'ಕ್ಯಾಂಡಲ್ ಇನ್ ದಿ ವಿಂಡ್'. ಅದರಲ್ಲಿ ಮುಂದೆ ನಿಂತಿರುವುದು ಪಿಯಾನೋ ಮತ್ತು ಕಂಠ ಮಾತ್ರ. ನಟಿ ಮರ್ಲಿನ್ ಮನ್ರೋಳನ್ನು ನೆನೆದು ರಚಿಸಿದ ಈ 1973ರ ಗೀತೆಯು ಬಿಡಿಮುದ್ರಿಕೆಯಾಗಿ 1974ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 11ನೆಯ ಸ್ಥಾನವನ್ನು ಮುಟ್ಟಿತ್ತು. ಸಿಡ್ನಿಯ ಪಾಠವು 1988ರಲ್ಲಿ ಅಲ್ಲಿ 5ನೆಯ ಸ್ಥಾನವನ್ನೂ ಅಮೆರಿಕೆಯಲ್ಲಿ 6ನೆಯ ಸ್ಥಾನವನ್ನೂ ಪಡೆಯಿತು. 1997ರ ಸೆಪ್ಟೆಂಬರಿನಲ್ಲಿ ಡಯಾನಾಳ ಅಂತ್ಯವಿಧಿಯ ದಿನ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಅವನು ಹಾಡಿದುದು ಈ ಗೀತೆಯ ಮಾತುಗಳನ್ನು ಬದಲಿಸಿ. ಧಾತು ಅದೇ, ಕಂಠ ಬೇರೆ. ಆ ಮೂರನೆಯ ಪಾಠವನ್ನು ಮಾತ್ರ ಬಲ್ಲವರು ಸಿಡ್ನಿಯದನ್ನು ಕೇಳಿದರೆ ಅದರ ಅಂಚುಗಳಲ್ಲಿ ಎಷ್ಟು ಕಡೆ ಸ್ವರ ಬಿರುಕು ಬಿಟ್ಟಿದೆ ಎಂಬುದನ್ನು ಕಂಡು ಆಶ್ಚರ್ಯಪಡುವರು. ಅದರ ಹಿಂದೆ ವೃಂದವಿದ್ದಿದ್ದರೆ ಆ ಬಿರುಕುಗಳು ಮುಚ್ಚಿಹೋಗುತ್ತಿದ್ದವೆಂದು ನಾವು ತಿಳಿಯುತ್ತೇವೆ. ಜನರು ಆಯ್ದುದು ಬಹುಶಃ ತಪ್ಪಲ್ಲ.

ಕಡೆಯ ಗೀತೆ 'ಡೋಂಟ್ ಲೆಟ್ ದಿ ಸನ್ ಗೋ ಡೌನ್ ಆನ್ ಮಿ'. 1974ರ ಮೂಲದಲ್ಲಿ ಊದುವ ವಾದ್ಯಗಳಿದ್ದವು. ಇಲ್ಲಿ ಇಡೀ ವೃಂದವೇ ಏಳುತ್ತದೆ. ಪಲ್ಲವಿಯ ಏರಿಕೆಯು ಸಮೀಪಿಸಿದಂತೆ ಗಾಯಕನು ಆ ಸ್ವರಕ್ಕೆ ಹೋಗುವನೇ, ಸಭಿಕರಿಗೆ ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುವನೇ ಎಂಬ ಸಂಶಯ ಕೇಳುಗನಿಗೆ ಹುಟ್ಟುತ್ತದೆ. ಅವನು ಹೋಗುತ್ತಾನೆ. ತಲುಪಿದ ಸ್ವರವು ಪೂರ್ಣವಾಗಿ ಶುದ್ಧವಲ್ಲ, ಆದರೆ ಸ್ವರಸ್ಥಾನ ತಪ್ಪಿಲ್ಲ. ತಂತುವಾದ್ಯಗಳು ಅದನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತವೆ, ಸಭೆಯ ಕೂಗು ಅದರ ಮೇಲೆ ಬೀಳುತ್ತದೆ, ಮುದ್ರಣವು ಆ ಕೂಗಿನೊಡನೆಯೇ ನಿಲ್ಲುತ್ತದೆ.